ಎರಡು ಸ್ಕ್ಯಾನ್‌ಗಳ ನಡುವಿನ ಹದಿನಾಲ್ಕು ದಿನ

ಮೊದಲ ಭೇಟಿಯಲ್ಲಿ ಅವರು ಬಹಳ ಹೊತ್ತು ಕೂರಲೇ ಇಲ್ಲ. ಕುರ್ಚಿ ತೋರಿಸಿದರೆ, "ಕೂತರೆ ಕೆಳಗೆ ಭಾರ ಬೀಳುತ್ತದೆ ಅಲ್ಲವೇ ಮೇಡಂ?" ಎಂದು ಕೇಳಿದರು. ನಿಂತರೆ ಇನ್ನೂ ಹೆಚ್ಚು ಎಂಬ ಭಯವೂ ಇತ್ತು. ಹಾಗಾಗಿ ಗೋಡೆಗೆ ಒರಗಿ, ಕಿಬ್ಬೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು, ಅತ್ತ ಕೂರದೆ ಇತ್ತ ಸರಿಯಾಗಿ ನಿಲ್ಲದೆ ಮಾತು ಶುರು ಮಾಡಿದರು. ಆರು ದಿನದಿಂದ ಹಾಸಿಗೆ ಹಿಡಿದಿದ್ದರು. ಊರಿನಿಂದ ಶಿವಮೊಗ್ಗದ ತನಕ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಕೊಂಡೇ ಬಂದಿದ್ದರು.

ನಾನು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ. ಅವರನ್ನು ಇಲ್ಲಿ ವನಜಾ ಎಂದು ಕರೆಯುತ್ತೇನೆ. ಹೆಸರು ಮಾತ್ರವಲ್ಲ, ಗುರುತು ಹಿಡಿಯಬಹುದಾದ ಬೇರೆ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ, ಬರೆದದ್ದನ್ನು ಅವರು ಓದಿದ್ದಾರೆ. ಮಲೆನಾಡಿನ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ವಯಸ್ಸು ಮೂವತ್ತರ ಆಸುಪಾಸು, ಮದುವೆಯಾಗಿ ನಾಲ್ಕು ವರ್ಷ. ಗಂಡನಿಗೆ ಸಣ್ಣದೊಂದು ಅಡಿಕೆ ತೋಟ. ಮನೆಯಲ್ಲಿ ಅತ್ತೆ, ಮಾವ. ಎರಡು ವರ್ಷದ ಹಿಂದೆ ಒಂದು ಬಸಿರು ಒಂಬತ್ತನೆಯ ವಾರದಲ್ಲಿ ಹೋಗಿತ್ತು. ಈಗ ಏಳು ವಾರ ಎರಡು ದಿನ.

ರಕ್ತ ಮೊದಲು ಕಾಣಿಸಿದ್ದು ಆರು ದಿನದ ಹಿಂದೆ. ಆಸ್ಪತ್ರೆಗೆ ಬರಲು ಅಷ್ಟು ದಿನ ತಡವಾದದ್ದು ಯಾಕೆ ಎಂದು ಕೇಳಿದೆ. "ಹೋದರೆ ಹೋಯಿತು ಅಂತ ಹೇಳಿಬಿಡುತ್ತಾರೆ. ಹೋಗದಿದ್ದರೆ ಇನ್ನೂ ಇದೆ ಅಂತ ಇರಬಹುದಲ್ಲ" ಎಂದರು. ಇದನ್ನು ನಿರ್ಲಕ್ಷ್ಯ ಎಂದು ಕರೆಯಲು ನನಗೆ ಮನಸ್ಸಿಲ್ಲ. ಒಮ್ಮೆ ಕಳೆದುಕೊಂಡವರು ಸ್ಕ್ಯಾನಿನ ಕೋಣೆಯ ಬಾಗಿಲಿಗೆ ಹೆದರುತ್ತಾರೆ. ಆರನೆಯ ದಿನ ಬೆಳಿಗ್ಗೆ ಕಂದು ಬಣ್ಣ ತಿರುಗಿ ಕೆಂಪಾದಾಗ ಮಾತ್ರ ಹೊರಟು ಬಂದರು.

ವೈದ್ಯರು ಒಳಗಿನಿಂದ ಮಾಡುವ ಸ್ಕ್ಯಾನ್ ಮಾಡಿದ್ದರು. ಭ್ರೂಣದ ಉದ್ದ 10 ಮಿಲಿಮೀಟರ್, ಹೃದಯ ಬಡಿತ ನಿಮಿಷಕ್ಕೆ 132, ಗರ್ಭಚೀಲದ ಪಕ್ಕದಲ್ಲಿ ಸ್ವಲ್ಪ ರಕ್ತ ಕಟ್ಟಿಕೊಂಡಿದೆ, ಗರ್ಭಕೋಶದ ಬಾಯಿ ಮುಚ್ಚಿದೆ. ಇಷ್ಟೂ ಒಳ್ಳೆಯ ಸುದ್ದಿಯೇ. ಆದರೆ ವರದಿಯ ಕೊನೆಯ ಸಾಲಿನಲ್ಲಿ ಎರಡು ಇಂಗ್ಲಿಷ್ ಪದಗಳಿದ್ದವು: ಥ್ರೆಟೆಂಡ್ ಅಬಾರ್ಷನ್. ವನಜಾ ಮಕ್ಕಳಿಗೆ ಇಂಗ್ಲಿಷ್ ಕಲಿಸುವವರು. ಎರಡೂ ಪದಗಳ ಅರ್ಥ ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಕಷ್ಟವಾಯಿತು. ಒಂದು 'ಬೆದರಿಕೆ', ಇನ್ನೊಂದು 'ತೆಗೆಸುವುದು'. ಮಗುವನ್ನು ತೆಗೆಸಬೇಕಾಗಬಹುದು ಎಂದು ವೈದ್ಯರು ಎಚ್ಚರಿಸಿದ್ದಾರೆ ಎಂದುಕೊಂಡು, ಗಂಡನಿಗೂ ಹೇಳದೆ, ಕಾರಿಡಾರಿನ ಬೆಂಚಿನ ಮೇಲೆ ಒಂದೂವರೆ ಗಂಟೆ ಅಡ್ಡ ಮಲಗಿದ್ದರು. ಔಷಧ ಬರೆಸಿಕೊಳ್ಳಲು ಮತ್ತೆ ಒಳಗೆ ಹೋದಾಗ ಕೈ ನಡುಗುತ್ತಿದ್ದದ್ದನ್ನು ಕಂಡು ವೈದ್ಯರು ನನ್ನ ಕೊಠಡಿಗೆ ಕಳಿಸಿದರು.

ನನ್ನ ಮೊದಲ ಕೆಲಸ ಆ ಎರಡು ಪದಗಳನ್ನು ಬಿಡಿಸುವುದಾಗಿತ್ತು. ನಮ್ಮ ಆಡುಮಾತಿನಲ್ಲಿ ಅಬಾರ್ಷನ್ ಎಂದರೆ ಬೇಕೆಂದೇ ತೆಗೆಸಿದ್ದು. ವೈದ್ಯರ ಬರವಣಿಗೆಯಲ್ಲಿ ಇಪ್ಪತ್ತು ವಾರಕ್ಕೆ ಮೊದಲು ತಾನಾಗಿಯೇ ಹೋದ ಬಸಿರಿಗೂ ಅದೇ ಹೆಸರು. ಇನ್ನು 'ಥ್ರೆಟೆಂಡ್' ಎಂದರೆ ರಕ್ತ ಕಾಣಿಸಿದೆ, ಬಸಿರು ಒಳಗೇ ಇದೆ, ಗರ್ಭಕೋಶದ ಬಾಯಿ ತೆರೆದಿಲ್ಲ ಎಂದಷ್ಟೇ ಅರ್ಥ. ವನಜಾ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಬಾಗಿಲು ಮುಚ್ಚಿದೆ" ಎಂದರು. ಆ ಮಾತು ಅವರದೇ. ಮುಂದಿನ ಎಲ್ಲ ವಾರಗಳಲ್ಲಿ ನಾವು ಅದನ್ನೇ ಬಳಸಿದೆವು. ಫೈಲಿನ ಮೇಲೆ ಪೆನ್ಸಿಲಿನಲ್ಲಿ 'ರಕ್ತ ಕಾಣಿಸಿದೆ, ಬಸಿರು ಮುಂದುವರಿದಿದೆ' ಎಂದು ಅವರ ಕೈಯಲ್ಲೇ ಬರೆಸಿದೆ. ಆಮೇಲೆ ಕುರ್ಚಿಯಲ್ಲಿ ಕೂತರು. ವರದಿ ಕೈಗೆ ಕೊಡುವಾಗ ಈ ಎರಡು ಪದಗಳಿಗೆ ಅರ್ಧ ನಿಮಿಷ ಕೊಡಿ ಎಂದು ನನ್ನ ಪರಿಚಯದ ಎಲ್ಲ ವೈದ್ಯರನ್ನೂ ಕೇಳಿಕೊಳ್ಳುತ್ತಿದ್ದೇನೆ, ಇಲ್ಲಿಯೂ ಕೇಳಿಕೊಳ್ಳುತ್ತೇನೆ.

ರಕ್ತದ ಬಣ್ಣ ಹೇಗಿತ್ತು ಎಂಬ ಪ್ರಶ್ನೆಗೆ ಅವರು ವೈದ್ಯರಿಗೆ 'ಚೊಗರಿನ ಬಣ್ಣ' ಎಂದು ಹೇಳಿದ್ದರಂತೆ. ಹಸಿ ಅಡಿಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕಂದುಗೆಂಪು ರಸವೇ ಚೊಗರು. ಅದು ನವೆಂಬರ್ ತಿಂಗಳು, ಕೊಯ್ಲಿನ ಕಾಲ. ಅಂಗಳದಲ್ಲಿ ಹಂಡೆ ಉರಿಯುತ್ತಿತ್ತು, ಚಪ್ಪರದ ಮೇಲೆ ಅದೇ ಬಣ್ಣದ ಅಡಿಕೆ ಹರವಿತ್ತು, ಸುಲಿಯಲು ಬಂದ ಹೆಂಗಸರ ಬೆರಳುಗಳಲ್ಲಿ, ಗಂಡನ ಅಂಗಿಯ ತೋಳಿನಲ್ಲಿ, ಒರೆಸಿಟ್ಟ ಬಟ್ಟೆಯಲ್ಲಿ ಎಲ್ಲೆಲ್ಲೂ ಅದೇ ಬಣ್ಣ. ಕಣ್ಣು ಎಲ್ಲಿ ಬಿದ್ದರೂ ಎದೆ ಧಸಕ್ ಎನ್ನುತ್ತಿತ್ತು. ಬೆಂಗಳೂರಿನ ಫ್ಲ್ಯಾಟಿನಲ್ಲಿರುವ ಗರ್ಭಿಣಿಗೆ ಇಲ್ಲದ ಕಷ್ಟ ಇದು. ಅವರ ಮನೆ, ಅವರ ಋತುಮಾನ ಗೊತ್ತಿಲ್ಲದೆ 'ಮನಸ್ಸನ್ನು ಬೇರೆ ಕಡೆ ತಿರುಗಿಸಿ' ಎಂದು ಹೇಳಿದ್ದರೆ ನಾನು ಏನನ್ನೂ ಹೇಳಿದಂತಾಗುತ್ತಿರಲಿಲ್ಲ. ಕಂದು ಎಂದರೆ ಹಳೆಯ ರಕ್ತ, ಒಳಗೆ ಕೆಲಕಾಲ ನಿಂತು ಈಚೆಗೆ ಬಂದದ್ದು ಎಂದು ವೈದ್ಯರಿಂದ ಮತ್ತೊಮ್ಮೆ ಹೇಳಿಸಿದೆ. ಪಕ್ಕದಲ್ಲಿ ಕಟ್ಟಿಕೊಂಡ ರಕ್ತ ಸಾಮಾನ್ಯವಾಗಿ ತಾನೇ ಕರಗುತ್ತದೆ; ಕರಗುವಾಗ ಇನ್ನೂ ಕೆಲವು ದಿನ ಹೀಗೆ ಕಂದು ಕಾಣಿಸಬಹುದು ಎಂದೂ ಅವರು ಸೇರಿಸಿದರು. ಮುಂದೆ ಏನು ಕಾಣಿಸಬಹುದು ಎಂದು ಮೊದಲೇ ಗೊತ್ತಿದ್ದರೆ ಕಂಡಾಗಿನ ಬೆಚ್ಚು ಅರ್ಧಕ್ಕರ್ಧ ಇಳಿಯುತ್ತದೆ.

"ಇದು ಯಾಕೆ ಆಯಿತು ಅಂತ ನಿಮ್ಮ ಮನಸ್ಸು ಹೇಳುತ್ತಿದೆ?" ಎಂದು ಕೇಳಿದೆ. ನನ್ನ ಬಳಿ ಬರುವ ಪ್ರತಿಯೊಬ್ಬ ಹೆಣ್ಣುಮಗಳಿಗೂ ಈ ಪ್ರಶ್ನೆ ಕೇಳುತ್ತೇನೆ, ಯಾಕೆಂದರೆ ಪ್ರತಿಯೊಬ್ಬರ ಬಳಿಯೂ ತನ್ನ ತಪ್ಪುಗಳ ಪಟ್ಟಿಯೊಂದು ಇರುತ್ತದೆ ಮತ್ತು ಕೇಳದೆ ಯಾರೂ ಅದನ್ನು ಬಿಚ್ಚುವುದಿಲ್ಲ. ವನಜಾ ಒಂದೊಂದಾಗಿ ಹೇಳಿದರು. ಹದಗೆಟ್ಟ ರಸ್ತೆಯಲ್ಲಿ ಸ್ಕೂಟರ್ ಓಡಿಸಿದ್ದು. ಅಟ್ಟದಿಂದ ಉಪ್ಪಿನಕಾಯಿ ಭರಣಿ ಇಳಿಸಲು ಸ್ಟೂಲ್ ಹತ್ತಿದ್ದು. ಶಾಲೆಯಲ್ಲಿ ಸಹೋದ್ಯೋಗಿ ಕೊಟ್ಟ ಪರಂಗಿ ಹಣ್ಣಿನ ಎರಡು ಹೋಳು. ಒಂದು ರಾತ್ರಿ ಗಂಡನ ಜೊತೆ ಮಲಗಿದ್ದು. ಯಾರೋ ಗೆಳತಿ ಬಸಿರಾದ ಸುದ್ದಿ ಕೇಳಿ ಹೊಟ್ಟೆಕಿಚ್ಚು ಪಟ್ಟದ್ದು. ಕೊನೆಯದನ್ನು ಹೇಳುವಾಗ ಮುಖ ಮುಚ್ಚಿಕೊಂಡರು.

ಆ ಪಟ್ಟಿಯನ್ನು ಅವರ ಅನುಮತಿಯಿಂದ ಬರೆದುಕೊಂಡು, ಇಬ್ಬರೂ ವೈದ್ಯರ ಬಳಿ ಹೋದೆವು. 'ನೀವು ಏನೂ ತಪ್ಪು ಮಾಡಿಲ್ಲ' ಎಂದು ಸಾರಾಸಗಟು ಹೇಳಿದರೆ ಮನಸ್ಸು ಒಪ್ಪುವುದಿಲ್ಲ. 'ಅವರಿಗೆ ಪರಂಗಿ ಹಣ್ಣಿನ ವಿಷಯ ಗೊತ್ತಿಲ್ಲ' ಎಂದು ಒಳಗೊಂದು ದನಿ ಉಳಿದುಬಿಡುತ್ತದೆ. ಒಂದೊಂದಕ್ಕೂ ಬೇರೆಬೇರೆಯಾಗಿ 'ಅಲ್ಲ' ಎಂದು ಕೇಳಬೇಕು. ವೈದ್ಯರು ತಾಳ್ಮೆಯಿಂದ ಐದಕ್ಕೂ ಅಲ್ಲ ಎಂದರು. ಮೊದಲ ತಿಂಗಳುಗಳಲ್ಲಿ ಹೋಗುವ ಬಸಿರುಗಳಲ್ಲಿ ಸರಿಸುಮಾರು ಅರ್ಧಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲಿ ಆದ ಏರುಪೇರು, ಅದು ಬಸಿರು ಕಟ್ಟಿದ ಗಳಿಗೆಯಲ್ಲೇ ಆಗಿಹೋಗಿರುತ್ತದೆ ಎಂದು ವಿವರಿಸಿದರು. ರಕ್ತ ನಿಲ್ಲುವ ತನಕ ದೈಹಿಕ ಸಂಪರ್ಕ ಬೇಡ, ಭಾರ ಎತ್ತುವುದು ಬೇಡ ಎಂದಷ್ಟೇ ಅವರ ಸಲಹೆ. ಹೊರಗೆ ಬಂದ ಮೇಲೆ ವನಜಾ ಮೆಲ್ಲಗೆ, "ಹಾಗಾದರೆ ಕಳೆದ ಸಲವೂ...?" ಎಂದು ಕೇಳಿ ನಿಲ್ಲಿಸಿದರು. "ಕಳೆದ ಸಲವೂ ಅಲ್ಲ" ಎಂದೆ.

ಸಂಖ್ಯೆಗಳನ್ನು ಹೇಳುವ ಮೊದಲು ಬೇಕೇ ಎಂದು ಕೇಳುತ್ತೇನೆ. ಕೆಲವರಿಗೆ ಸಂಖ್ಯೆ ನೆಮ್ಮದಿ, ಕೆಲವರಿಗೆ ಮುಳ್ಳು. ವನಜಾ ಬೇಕೆಂದರು. ಸುಮಾರು ನಾಲ್ವರು ಗರ್ಭಿಣಿಯರಲ್ಲಿ ಒಬ್ಬರಿಗೆ ಮೊದಲ ಮೂರು ತಿಂಗಳಲ್ಲಿ ರಕ್ತ ಕಾಣಿಸುತ್ತದೆ. ಹೃದಯ ಬಡಿತ ಕಂಡ ಮೇಲೆ ಅಂಥ ಬಸಿರುಗಳಲ್ಲಿ ಹೆಚ್ಚಿನವು ಮುಂದುವರಿಯುತ್ತವೆ. ವೈದ್ಯರು ಅವರಿಗೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಮಾತ್ರೆಯನ್ನು ದಿನಕ್ಕೆ ಎರಡು ಸಲ ಯೋನಿಯೊಳಗೆ ಇಟ್ಟುಕೊಳ್ಳಲು ಬರೆದಿದ್ದರು. ಇದರ ಹಿಂದೆ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನವಿದೆ. 4 ಸಾವಿರಕ್ಕೂ ಹೆಚ್ಚು ಮಹಿಳೆಯರು ಪಾಲ್ಗೊಂಡ ಅದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಹಿಂದೆ ಬಸಿರು ಕಳೆದುಕೊಂಡು ಈಗ ರಕ್ತ ಕಾಣಿಸಿದವರಲ್ಲಿ ಈ ಔಷಧ ಪಡೆದ ನೂರಕ್ಕೆ ಸುಮಾರು 75 ಮಂದಿಗೆ ಮಗುವಾಯಿತು. ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಸುಮಾರು 70 ಮಂದಿಗೆ. ಔಷಧದ ಲಾಭ ಚಿಕ್ಕದು, ಆದರೂ ಇದೆ. ನಾನು ಅವರ ಗಮನ ಸೆಳೆದದ್ದು ಎರಡನೆಯ ಸಂಖ್ಯೆಗೆ. ವನಜಾ ಅವರಂತೆಯೇ ಒಮ್ಮೆ ಕಳೆದುಕೊಂಡು, ಅವರಂತೆಯೇ ರಕ್ತ ಕಂಡು, ಯಾವ ಔಷಧವೂ ಇಲ್ಲದೆ ನೂರರಲ್ಲಿ ಎಪ್ಪತ್ತು ತಾಯಂದಿರು ಮಗುವನ್ನು ಎತ್ತಿಕೊಂಡಿದ್ದಾರೆ. ಉಳಿದ ಮೂವತ್ತನ್ನು ನಾನು ಮರೆಮಾಡಲಿಲ್ಲ. ಮರೆಮಾಡಿದರೆ ಅವರು ನನ್ನ ಎಪ್ಪತ್ತನ್ನೂ ನಂಬುತ್ತಿರಲಿಲ್ಲ.

ಚಿಂತೆಯ ಮಟ್ಟ ಅಳೆಯುವ ಜಿಎಡಿ-7 ಪ್ರಶ್ನಾವಳಿಯಲ್ಲಿ ಅವರಿಗೆ 21ಕ್ಕೆ 14 ಬಂತು. ಗಂಡನನ್ನು ಹೊರಗೆ ಕೂರಿಸಿ, ಮನೆಯಲ್ಲಿ ಹೊಡೆತ ಬಡಿತ ಇದೆಯೇ, ಬದುಕು ಬೇಡ ಎನ್ನಿಸಿದೆಯೇ ಎಂದೂ ಕೇಳಿದೆ. ಎರಡಕ್ಕೂ ಇಲ್ಲ ಎಂದರು. ಇವನ್ನು ನಾನು ಎಲ್ಲರಿಗೂ ಕೇಳುತ್ತೇನೆ, ಮನೆತನ ನೋಡಿ ಬಿಡುವುದಿಲ್ಲ.

ಮುಂದಿನ ಸ್ಕ್ಯಾನ್ ಎರಡು ವಾರದ ಮೇಲೆ. ಈ ಹದಿನಾಲ್ಕು ದಿನಗಳಿಗೆ ಯಾವ ಔಷಧದ ಅಂಗಡಿಯಲ್ಲೂ ಮಾತ್ರೆ ಸಿಗುವುದಿಲ್ಲ. ಏನಾಗುತ್ತದೆ ಎಂದು ಯಾರಿಗೂ ಗೊತ್ತಿಲ್ಲದ ದಿನಗಳನ್ನು ಒಬ್ಬ ಮನುಷ್ಯಳು ಹೇಗೆ ದಾಟುವುದು ಎಂಬುದೇ ನಮ್ಮ ಮುಂದಿದ್ದ ನಿಜವಾದ ಪ್ರಶ್ನೆ. ಅವರ ಮನೆಯ ಬಚ್ಚಲು ಹಿಂಬದಿಯಲ್ಲಿದೆ. ದಿನಕ್ಕೆ ಎಷ್ಟು ಸಲ ಹೋಗಿ ನೋಡುತ್ತೀರಿ ಎಂದು ಕೇಳಿದಾಗ ಬೆರಳೆಣಿಸಿ, "ಇಪ್ಪತ್ತೈದು ದಾಟಬಹುದು" ಎಂದರು. ಅಡಿಕೆ ಸುಲಿಯುವ ಹನ್ನೆರಡು ಜನ ಹೆಂಗಸರ ಎದುರೇ ಹಾದು ಹೋಗಬೇಕು. ಪ್ರತಿ ಸಲ ವಾಪಸು ಬಂದಾಗ ಅತ್ತೆ, "ಏನಾಯಿತು, ಬಂತೇ?" ಎಂದು ಪಿಸುಗುಡುತ್ತಾರೆ. ಏನೂ ಕಾಣದಿದ್ದರೆ ಐದು ನಿಮಿಷ ಸಮಾಧಾನ, ಆರನೆಯ ನಿಮಿಷಕ್ಕೆ ಮತ್ತೆ ಸಂಶಯ. ಒರೆಸಿ ಒರೆಸಿ ಚರ್ಮ ಕೆರೆದು ಉರಿಯುತ್ತಿತ್ತು, ಆ ಉರಿಯೇ ಇನ್ನೊಂದು ಭಯವಾಗಿತ್ತು.

ನೋಡಲೇಬೇಡಿ ಎಂದು ನಾನು ಹೇಳಲಿಲ್ಲ. ಅದು ಆಗದ ಮಾತು, ಜೊತೆಗೆ ಅಪಾಯವೂ ಹೌದು. ರಕ್ತ ಹೆಚ್ಚಾದರೆ ತಿಳಿಯಬೇಕು. ಹೊತ್ತು ಗೊತ್ತು ಮಾಡಿದೆವು. ಬಿಳಿ ಪ್ಯಾಡ್ ಇಟ್ಟುಕೊಳ್ಳುವುದು. ಎದ್ದಾಗ, ಮಧ್ಯಾಹ್ನದ ಊಟಕ್ಕೆ ಮೊದಲು, ದೀಪ ಹಚ್ಚುವ ಹೊತ್ತಿಗೆ, ಮಲಗುವಾಗ, ಹೀಗೆ ನಾಲ್ಕು ಸಲ ಮಾತ್ರ ನೋಡುವುದು. ನಡುವೆ ಮೂತ್ರಕ್ಕೆ ಹೋದರೆ ಹೋಗಿ ಬರುವುದು, ಪರೀಕ್ಷೆ ಮಾಡುವುದಲ್ಲ. ನೋಡಿದ್ದನ್ನು ಒಂದೇ ಸಾಲಿನಲ್ಲಿ ಬರೆಯುವುದು: ಬಣ್ಣ, ಎಷ್ಟು, ನೋವು ಇದೆಯೋ ಇಲ್ಲವೋ. ಒಳಗಿಡುವ ಮಾತ್ರೆ ಕರಗಿ ಬಿಳಿಯ ಸ್ರಾವ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಮೊದಲ ಎರಡು ದಿನ ಹನ್ನೊಂದು, ಹನ್ನೆರಡು ಸಲ ನೋಡಿದ್ದಾಗಿ ಒಪ್ಪಿಕೊಂಡರು. ನಾಲ್ಕನೆಯ ದಿನಕ್ಕೆ ಐದಕ್ಕೆ ಬಂತು.

ಅದೇ ನೋಟ್‌ಬುಕ್ಕಿನ ಒಳರಟ್ಟಿನಲ್ಲಿ ವೈದ್ಯರ ಮಾತಿನಂತೆ ಇನ್ನೊಂದು ಸಂಗತಿ ದೊಡ್ಡ ಅಕ್ಷರದಲ್ಲಿ ಬರೆಸಿದೆ, ಯಾವಾಗ ಕಾಯಬಾರದು ಎಂಬುದು. ಪ್ಯಾಡ್ ಒಂದು ಗಂಟೆಯೊಳಗೆ ಪೂರ್ತಿ ತೊಯ್ದರೆ, ದೊಡ್ಡ ಗಡ್ಡೆ ಬಿದ್ದರೆ, ಹೊಟ್ಟೆಯ ಒಂದೇ ಪಕ್ಕದಲ್ಲಿ ತಡೆಯಲಾಗದ ನೋವು ಬಂದರೆ, ಭುಜದ ತುದಿಯಲ್ಲಿ ಕಾರಣವಿಲ್ಲದೆ ನೋವು ಕಾಣಿಸಿದರೆ, ತಲೆ ಸುತ್ತಿ ಬಿದ್ದರೆ, ಜ್ವರ ಬಂದರೆ ಕೂಡಲೇ ಆಸ್ಪತ್ರೆ. ಒಂದೇ ಪಕ್ಕದ ನೋವು, ಭುಜದ ನೋವು, ತಲೆಸುತ್ತು ಇವು ಬಸಿರು ಗರ್ಭಕೋಶದ ಹೊರಗೆ ನಾಳದಲ್ಲಿ ನಿಂತಿರುವುದರ ಸೂಚನೆಯೂ ಆಗಿರಬಹುದು. ವನಜಾ ಅವರ ಬಸಿರು ಒಳಗೇ ಇರುವುದನ್ನು ಸ್ಕ್ಯಾನ್ ತೋರಿಸಿತ್ತು, ಆದರೆ ಇನ್ನೂ ಒಂದು ಸ್ಕ್ಯಾನೂ ಆಗದೆ ರಕ್ತ ಕಾಣಿಸಿದವರು ಮನೆಯಲ್ಲಿ ಮಲಗಿ ದಿನ ಎಣಿಸಬಾರದು. ರಕ್ತದ ಗುಂಪು ನೆಗೆಟಿವ್ ಇರುವವರು ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂದು ಬಾಯಿಬಿಟ್ಟು ಕೇಳಬೇಕು.

ಇಷ್ಟು ಬರೆದ ಮೇಲೂ ಅವರ ಮುಖದ ಬಿಗುವು ಸಡಿಲವಾಗಲಿಲ್ಲ. ಬಹಳ ಹೊತ್ತಿನ ಮೇಲೆ ನಿಜವಾದದ್ದು ಹೊರಗೆ ಬಂತು. ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಕೊಟ್ಟಿಗೆಯ ಹಿಂದಿನ ದಿಬ್ಬ ಹತ್ತಿದರೆ ಮಾತ್ರ ಎರಡು ಗೀಟು ಬರುತ್ತದೆ. ಗಂಡನ ಬಳಿ ಇರುವುದು ಬೈಕು. ರಾತ್ರಿ ಎರಡು ಗಂಟೆಗೆ ರಕ್ತ ಹರಿದರೆ 108ಕ್ಕೆ ಫೋನ್ ಮಾಡಲು ಒಬ್ಬರು ದಿಬ್ಬ ಹತ್ತಬೇಕು. ಕಳೆದ ಸಲ ಹೀಗೇ ಆಗಿತ್ತಂತೆ. ಗಂಡ ದಿಬ್ಬಕ್ಕೆ ಓಡಿದ್ದಾಗ ಅವರು ಒಬ್ಬರೇ ಬಚ್ಚಲಿನಲ್ಲಿದ್ದರು. ಮನಸ್ಸಿನ ಕಾಯಿಲೆ ಎಂದು ನಾವು ಹೆಸರಿಡುವ ಎಷ್ಟೋ ಭಯಗಳಲ್ಲಿ ಅರ್ಧ ಭಾಗ ರಸ್ತೆಯದು, ವಾಹನದ್ದು. ಅದಕ್ಕೆ ಉಸಿರಾಟದ ಅಭ್ಯಾಸ ಹೇಳಿಕೊಡುವುದು ಅನ್ಯಾಯ.

ಗಂಡನನ್ನು ಒಳಗೆ ಕರೆದು ಆ ಹೊತ್ತೇ ಯೋಜನೆ ಮಾಡಿದೆವು. ಪಕ್ಕದ ಮನೆಯವರ ಬಳಿ ಜೀಪಿದೆ. ಎರಡು ತಿಂಗಳ ಮಟ್ಟಿಗೆ ರಾತ್ರಿ ಅದರ ಬೀಗದ ಕೈ ಇವರ ಮನೆಯ ಗೂಡಿನಲ್ಲಿರಬೇಕು. ಹದಿನಾಲ್ಕು ಕಿಲೋಮೀಟರ್ ದೂರದ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಸ್ತ್ರೀರೋಗ ತಜ್ಞರು ಸಿಗುತ್ತಾರೆಯೇ ಎಂದು ಗಂಡ ಖುದ್ದು ಹೋಗಿ ವಿಚಾರಿಸಬೇಕು. ಗಂಡ ಫೋನಿಗೆ ಓಡಿದರೆ ಅತ್ತೆ ಜೊತೆಗಿರಬೇಕು, ವನಜಾ ಒಬ್ಬರೇ ಇರಕೂಡದು. ಫೈಲು, ರಕ್ತದ ಗುಂಪಿನ ಚೀಟಿ, ಪ್ಯಾಡ್, ಒಂದು ನೈಟಿ, ಹಣ ಒಂದೇ ಚೀಲದಲ್ಲಿ ಬಾಗಿಲ ಬಳಿ ತೂಗಬೇಕು. ಚೀಲದ ಮಾತಿಗೆ ವನಜಾ ಹಿಂಜರಿದರು. "ತುಂಬಿಸಿಟ್ಟರೆ ಕೆಟ್ಟದ್ದನ್ನು ಕರೆದ ಹಾಗಲ್ಲವೇ?" ನಾನು, "ಮಳೆಗಾಲಕ್ಕೆ ಮೊದಲು ಸೌದೆ ಒಟ್ಟಿಡುತ್ತೀರಲ್ಲ, ಒಟ್ಟಿದ್ದರಿಂದ ಮಳೆ ಬಂತು ಎನ್ನುತ್ತೀರಾ?" ಎಂದೆ. ಗಂಡ ಮೊದಲ ಸಲ ತಲೆಯೆತ್ತಿ ನೋಡಿದರು. ಆಮೇಲೆ ಚೀಲ ಕಟ್ಟಿಟ್ಟದ್ದೂ ಅವರೇ.

ತಾಯಿ ಕಾರ್ಡ್ ಇನ್ನೂ ಮಾಡಿಸಿರಲಿಲ್ಲ. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಎಂಬ ರೂಢಿ. ಈ ರೂಢಿ ಬಂದದ್ದು ಹೆಣ್ಣಿನ ಮೇಲಿನ ಕಕ್ಕುಲಾತಿಯಿಂದಲೇ ಇರಬಹುದು, ಆದರೆ ಅತ್ಯಂತ ಹೆದರಿಕೆಯ ಮೂರು ತಿಂಗಳನ್ನು ಆಕೆ ಒಬ್ಬಳೇ ಕಳೆಯುವಂತೆ ಮಾಡುತ್ತದೆ ಎಂಬುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಊರಿಗೆಲ್ಲ ಡಂಗುರ ಸಾರಬೇಕಿಲ್ಲ. ಊರಿನ ಆಶಾ ಕಾರ್ಯಕರ್ತೆಗೆ ಮತ್ತು ಶಾಲೆಯಲ್ಲಿ ನಂಬಿಕೆಯ ಒಬ್ಬರಿಗೆ ತಿಳಿಸಲು ಹೇಳಿದೆ. ಆಶಾ ಮರುದಿನವೇ ಬಂದು ನೋಂದಣಿ ಮಾಡಿಸಿದರಂತೆ.

ಅತ್ತೆಯನ್ನು ಮೊದಲ ಸಲ ಕಂಡದ್ದು ಎರಡನೆಯ ಭೇಟಿಯಲ್ಲಿ. "ಮಲಗಿದರೆ ನಿಲ್ಲುತ್ತದೆ ಅಂತ ನಮ್ಮ ಕಾಲದಲ್ಲಿ ಹೇಳುತ್ತಿದ್ದರಮ್ಮ" ಎಂದರು. ಅವರ ಕಾಲದ ವೈದ್ಯರೂ ಹಾಗೆಯೇ ಹೇಳುತ್ತಿದ್ದರು. ಹಾಸಿಗೆ ಹಿಡಿದು ಮಲಗುವುದರಿಂದ ಬಸಿರು ಉಳಿಯುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ, ದಿನಗಟ್ಟಲೆ ಅಲುಗದೆ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ ಎಂದು ವೈದ್ಯರು ಅವರಿಗೇ ನೇರ ಹೇಳಿದರು. ನಾನು ಅವರಿಗೆ ಎರಡು ಕೆಲಸ ಒಪ್ಪಿಸಿದೆ. ಸಂಜೆ ಸೊಸೆಯ ಜೊತೆ ಅಂಗಳದಲ್ಲಿ ಹತ್ತು ನಿಮಿಷ ನಡೆಯುವುದು. ಬಚ್ಚಲಿನಿಂದ ಬಂದಾಗ "ಬಂತೇ?" ಎನ್ನುವ ಬದಲು "ಊಟಕ್ಕೆ ಏನು ಮಾಡಲಿ?" ಎನ್ನುವುದು. ಆ ಹೆಂಗಸು ಅದನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದರೆಂದರೆ ವನಜಾ ಒಂದೇ ವಾರದಲ್ಲಿ ಮೂರು ಸಲ ಪತ್ರೊಡೆ ತಿಂದರು.

ಗಂಡನದು ಬೇರೆ ಕಥೆ. ರಾತ್ರಿಯಿಡೀ ಹಂಡೆಯ ಬೆಂಕಿಯ ಮುಂದೆ ಕೂತಿರುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಹೆಂಡತಿ ಅದನ್ನು ಬೇಸರ ಎಂದುಕೊಂಡಿದ್ದರು. "ನಾನು ಅತ್ತರೆ ಅವಳಿಗೆ ಇನ್ನೂ ಭಯವಾಗುತ್ತದೆ" ಎಂದು ಅವರು ನನ್ನ ಬಳಿ ಹೇಳಿದರು. ಈ ಮಾತನ್ನು ನನಗಲ್ಲ, ಆಕೆಗೆ ಹೇಳಿ ಎಂದೆ. ಹೇಳಿದರು.

'ಚಿಂತೆ ಮಾಡಬೇಡ, ಮಗುವಿಗೆ ಒಳ್ಳೆಯದಲ್ಲ' ಎಂಬ ಮಾತಿನ ಬಗ್ಗೆ ಬರೆಯದೆ ಇರಲಾರೆ. ಒಳ್ಳೆಯ ಮನಸ್ಸಿನಿಂದ ಹೇಳುವ ಈ ಮಾತು ಹೆದರಿದವಳ ಮೇಲೆ ಇನ್ನೊಂದು ಹೊರೆ ಹೊರಿಸುತ್ತದೆ. ಹೆದರಿಕೆ ಒಂದು, ಹೆದರಿದ್ದಕ್ಕೆ ಮಗುವಿಗೆ ಏನಾದೀತೋ ಎಂಬ ಹೆದರಿಕೆ ಇನ್ನೊಂದು. ಒಂದು ವಾರದ ಅಳು, ನಾಲ್ಕು ರಾತ್ರಿಯ ನಿದ್ದೆಗೇಡು ಬಸಿರನ್ನು ಬೀಳಿಸುವುದಿಲ್ಲ ಎಂದು ವನಜಾ ಅವರಿಗೆ ಸ್ಪಷ್ಟವಾಗಿ ಹೇಳಿದೆ. ಚಿಂತೆಯನ್ನು ಓಡಿಸುವ ಬದಲು ಅದಕ್ಕೊಂದು ಹೊತ್ತು ಕೊಟ್ಟೆವು. ಸಂಜೆ ಐದೂವರೆಯಿಂದ ಐದು ಐವತ್ತರ ತನಕ, ಜಗಲಿಯ ಮೂಲೆಯಲ್ಲಿ, ಎಷ್ಟು ಬೇಕಾದರೂ ಹೆದರಬಹುದು, ಅಳಬಹುದು, ಕೆಟ್ಟದ್ದನ್ನೆಲ್ಲ ಬರೆಯಬಹುದು. ಬೇರೆ ಹೊತ್ತಿನಲ್ಲಿ ಬಂದ ಚಿಂತೆಗೆ 'ಐದೂವರೆಗೆ ಬಾ' ಎನ್ನುವುದು. ಮೊದಮೊದಲು ಅದು ಮಾತು ಕೇಳುವುದಿಲ್ಲ. ದಿನಾ ಕರೆದು ಕೂರಿಸಿದರೆ ನಿಧಾನವಾಗಿ ಕಾಯುವುದನ್ನು ಕಲಿಯುತ್ತದೆ.

ರಾತ್ರಿಯ ವಿಷಯ ಕಷ್ಟದ್ದಾಗಿತ್ತು. ಹಗಲೆಲ್ಲ ಮಲಗಿದ್ದ ಆರು ದಿನಗಳಲ್ಲೂ ವನಜಾ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಟಾರ್ಚು ಹಿಡಿದು ದಿಬ್ಬ ಹತ್ತಿ ಮೊಬೈಲಿನಲ್ಲಿ ಹುಡುಕುತ್ತಿದ್ದರು. ಒಂದು ಪುಟ ಸಮಾಧಾನ ಹೇಳಿದರೆ ಮುಂದಿನದು ಎದೆ ಒಡೆಯುತ್ತಿತ್ತು. 'ನನ್ನ ಮಗು ಉಳಿಯುತ್ತದೆಯೇ' ಎಂಬ ಪ್ರಶ್ನೆಗೆ ಯಾವ ಪುಟದಲ್ಲೂ ಉತ್ತರ ಇರುವುದಿಲ್ಲ, ಅದಕ್ಕೇ ಹುಡುಕಾಟ ಮುಗಿಯುವುದಿಲ್ಲ. ಪ್ರಶ್ನೆಗಳನ್ನು ಬರೆದಿಟ್ಟು ಮಂಗಳವಾರ, ಶುಕ್ರವಾರ ನನಗೆ ಫೋನ್ ಮಾಡುವುದು ಎಂದು ಒಪ್ಪಂದವಾಯಿತು. ಎಚ್ಚರವಾದಾಗ ಮಂಚದಿಂದ ಕಾಲಿಳಿಸಿ ತಣ್ಣನೆಯ ಕಾವಿ ನೆಲಕ್ಕೆ ಪಾದ ಊರುವುದು, ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡುವುದು, ಕಿವಿಗೆ ಬೀಳುವ ಸದ್ದುಗಳನ್ನು ಒಂದೊಂದಾಗಿ ಹೆಸರಿಸುವುದು. ಜೀರುಂಡೆ, ಹಂಡೆಯ ಕೆಳಗೆ ಕೊಳ್ಳಿಯ ಚಟಪಟ, ದನದ ಕೊರಳ ಗಂಟೆ. ಕೊನೆಗೆ ಅವರದೇ ಮಾತು: 'ಈ ಹೊತ್ತಿಗೆ ಬಾಗಿಲು ಮುಚ್ಚಿದೆ.' ನಾಳೆಯ ಮಾತು ಅದರಲ್ಲಿಲ್ಲ. ಇಷ್ಟಾದರೂ ತಡೆಯಲಾಗದಿದ್ದರೆ 14416, ಟೆಲಿ ಮಾನಸ್. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಒಂದು ಶುಕ್ರವಾರ ದಿಬ್ಬದ ಮೇಲಿಂದ ಫೋನ್ ಮಾಡಿದವರು, "ನಾನು ಈ ಸಲ ಆಸೆ ಇಟ್ಟುಕೊಳ್ಳುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ. ಆಗ ಹೋದರೂ ಅಷ್ಟು ನೋವಾಗುವುದಿಲ್ಲ" ಎಂದರು. ಕಳೆದ ಸಲ ಆಸೆ ಇಟ್ಟುಕೊಂಡದ್ದಕ್ಕೇ ನೋವು ಹೆಚ್ಚಾಯಿತೇ ಎಂದು ಕೇಳಿದೆ. ಗಾಳಿಯ ಸದ್ದು ಮಾತ್ರ ಕೇಳುತ್ತಿತ್ತು. "ಇಲ್ಲ. ಆಮೇಲೆ ಯಾರೂ ಅದರ ಮಾತೇ ಎತ್ತಲಿಲ್ಲವಲ್ಲ. ಮೂರನೆಯ ದಿನ ಶಾಲೆಗೆ ಹೋದೆ. ಅದಕ್ಕೆ ಹೆಚ್ಚಾಯಿತು" ಎಂದರು. ಆಸೆಯ ವಿಷಯಕ್ಕೆ ನಾನು ಮತ್ತೇನೂ ಹೇಳಲಿಲ್ಲ. ಆಸೆ ಇಟ್ಟುಕೊಳ್ಳಿ ಎಂದು ಹೇಳುವ ಹಕ್ಕು ನನಗಿರಲಿಲ್ಲ.

ಎರಡನೆಯ ಸ್ಕ್ಯಾನ್ ಒಂಬತ್ತು ವಾರ ಎರಡು ದಿನಕ್ಕೆ. ಕಳೆದ ಸಲ ಹೋದದ್ದೂ ಇದೇ ವಾರದಲ್ಲಿ. ಸ್ಕ್ಯಾನಿನ ಪರದೆಯನ್ನು ಅವರು ನೋಡಲಿಲ್ಲ, ಗಂಡ ನೋಡಿ ಕೈ ಒತ್ತಿದರು. ಉದ್ದ 25 ಮಿಲಿಮೀಟರ್, ಬಡಿತ 170, ಪಕ್ಕದ ರಕ್ತ ಕುಗ್ಗಿತ್ತು. ವನಜಾ ನನ್ನ ಕೊಠಡಿಗೆ ಬಂದು ಕುರ್ಚಿಯಲ್ಲಿ ಕೂತು ಅರ್ಧ ಗಂಟೆ ಅತ್ತರು. ಒಳ್ಳೆಯ ಸುದ್ದಿಗೆ ಹೀಗೆ ಅಳುವುದನ್ನು ಕಂಡು ಗಂಡ ಗಾಬರಿಯಾದರು. ಎರಡು ವಾರ ಬಿಗಿಹಿಡಿದದ್ದು ಬಿಟ್ಟಾಗ ಹೀಗೆಯೇ ಆಗುತ್ತದೆ.

ಹತ್ತನೆಯ ವಾರದಲ್ಲಿ ಒಂದು ರಾತ್ರಿ ಮತ್ತೆ ಕೆಂಪು ಕಾಣಿಸಿತು. ಅವರು ಬಹಳ ಹೆದರಿದರು. ಆದರೆ ಹೊಸ ಪ್ಯಾಡ್ ಇಟ್ಟು ಗಡಿಯಾರ ನೋಡಿದರು. ಅತ್ತೆ ಪಕ್ಕದಲ್ಲಿ ಕೂತರು, ಗಂಡ ಜೀಪಿನ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತರು. ಒಂದು ಗಂಟೆಯ ಮೇಲೆ ನೋಡಿದರೆ ಪ್ಯಾಡಿನಲ್ಲಿ ರೂಪಾಯಿ ನಾಣ್ಯದಷ್ಟು ಕಲೆ, ನೋವಿಲ್ಲ. ಬೆಳಕು ಹರಿದ ಮೇಲೆ ಹೊರಟು ಬಂದರು. ಬಸಿರು ಚೆನ್ನಾಗಿತ್ತು, ಗರ್ಭಕೋಶದ ಬಾಯಿಯ ಮೇಲ್ಪದರ ಈ ದಿನಗಳಲ್ಲಿ ಮೃದುವಾಗಿರುತ್ತದೆ, ಅಲ್ಲಿಂದ ಬಂದಿರಬಹುದು ಎಂದರು ವೈದ್ಯರು.

ಎಲ್ಲರದೂ ಹೀಗಾಗುವುದಿಲ್ಲ. ಅದೇ ತಿಂಗಳು ನನ್ನ ಬಳಿ ಬಂದ ಇನ್ನೊಬ್ಬರು, ಗಾರ್ಮೆಂಟ್ಸ್ ಕೆಲಸದವರು, ಎಂಟನೆಯ ವಾರದ ಸ್ಕ್ಯಾನಿನಲ್ಲಿ ಬಡಿತ ಕಾಣದೆ, ಒಂದು ವಾರ ಬಿಟ್ಟು ಮಾಡಿದ ಇನ್ನೊಂದರಲ್ಲೂ ಕಾಣದೆ ಕಳೆದುಕೊಂಡರು. ತಾನಾಗಿ ಆಗಲು ಕಾಯುವುದು, ಮಾತ್ರೆ, ಚಿಕ್ಕ ಶಸ್ತ್ರಕ್ರಿಯೆ ಎಂಬ ಮೂರು ದಾರಿಗಳನ್ನು ವೈದ್ಯರು ಹೇಳಿದಾಗ, ಆಯ್ಕೆ ಮಾಡಲು ಒಂದು ದಿನ ಕೇಳಿ ಎಂದು ಹೇಳಿಕೊಟ್ಟೆ. ಬಸಿರು ಹೋದ ನೌಕರ ಮಹಿಳೆಗೆ ಆರು ವಾರ ಸಂಬಳ ಸಹಿತ ರಜೆ ಸಿಗಬೇಕೆಂಬುದು 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಇದೆ. ಅವರಿಗೆ ಇದು ಗೊತ್ತೇ ಇರಲಿಲ್ಲ, ನಾಲ್ಕನೆಯ ದಿನ ಕೆಲಸಕ್ಕೆ ಹೊರಟಿದ್ದರು. ವೈದ್ಯರ ಪ್ರಮಾಣಪತ್ರ ಮಾಡಿಸಿ ಕೊಟ್ಟೆವು. ಮತ್ತೆ ಬಸಿರಾಗುವ ಮಾತನ್ನು ನಾನು ಎತ್ತಲಿಲ್ಲ, ಹೋದ ಮಗುವಿನ ಮಾತನ್ನಷ್ಟೇ ಕೇಳಿದೆ.

ವನಜಾ ಕೊನೆಯ ಭೇಟಿಗೆ ಬಂದದ್ದು ಹದಿನಾಲ್ಕನೆಯ ವಾರ. ಶಾಲೆಗೆ ಹೋಗುತ್ತಿದ್ದರು. ಪ್ರಶ್ನಾವಳಿಯ ಅಂಕ ಏಳಕ್ಕೆ ಇಳಿದಿತ್ತು. ನೋಟ್‌ಬುಕ್ಕಿನಲ್ಲಿ ಹನ್ನೊಂದನೆಯ ವಾರದ ನಂತರ ಬರಹವಿರಲಿಲ್ಲ. ಅಡಿಕೆ ಒಣಗಿಸಿ ಮಂಡಿಗೆ ಕಳಿಸಿಯಾಗಿತ್ತು. ಇದು ಕೊನೆಯ ಭೇಟಿ, ಬೇಕಾದಾಗ ಫೋನ್ ಮಾಡಿ ಎಂದು ನಾನು ಹೇಳುತ್ತಿದ್ದೆ. ಅವರು ಎದ್ದು ಬಾಗಿಲ ತನಕ ಹೋಗಿ ತಿರುಗಿ ಬಂದರು.

"ಇನ್ನೊಂದು ದಿನ ಕೊಡುತ್ತೀರಾ ಮೇಡಂ? ಇದರ ವಿಷಯಕ್ಕಲ್ಲ. ಮೊದಲನೆಯದರ ಬಗ್ಗೆ ಮಾತಾಡಬೇಕು. ಅವರೂ ಬರುತ್ತಾರಂತೆ."

ಮುಂದಿನ ಗುರುವಾರ ಹನ್ನೊಂದು ಗಂಟೆಗೆ ಇಬ್ಬರ ಹೆಸರನ್ನೂ ಬರೆದುಕೊಂಡೆ.